ಕಾಫಿಗೇಕೆ ನೆರಳು?

ನಮ್ಮ ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಮರಗಸಿ ಅಂತ ಒಂದು ಕೆಲಸ. ಮರ ಹತ್ತಿ ಕೊಂಬೆ ಸವರಿ, ಗಿಡಕ್ಕೆ ಬೇಕಾದಷ್ಟೇ ಬೆಳಕು ಬಿಡೋದು. ಮರಗಳನ್ನೇ ಕಡಿದ್ರೆ ಈ ತಾಪತ್ರಯ ಇರಲ್ವಲ್ಲ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಬೋರರನ್ನ ನಿಮ್ಮಪ್ಪ ಓಡಿಸ್ತಾನಾ?" ಅಂದಿದ್ರು ಅಜ್ಜ :)

ಕಾಡು ಬೋಳಿಸಿ ಬಿಸಿಲಲ್ಲೇ ಕಾಫಿ ಬೆಳೆಯೋದನ್ನ ಬಿಳಿಯ ಪ್ಲಾಂಟರುಗಳು ಮಾಡಿ ನೋಡಿದ್ದಾರೆ. 1860ರ ದಶಕದಲ್ಲಿ ಕೊಡಗು, ಮೈಸೂರು ಸೀಮೆಯ ಎಷ್ಟೋ ತೋಟಗಳನ್ನ ಈ ಬೋರರ್, ಅಂದ್ರೆ ಕಾಂಡಕೊರಕ ಹುಳ, ಒಣಗಿಸಿಬಿಡ್ತು. ತನಿಖೆಗೆ ಬಂದ ಡಾ. ಜಾರ್ಜ್ ಬಿಡಿ 1869ರ ವರದಿಯಲ್ಲಿ ಹೇಳಿದ್ದೂ ನೆರಳು ಬೇಕು ಅಂತಲೇ. ಬಿಸಿಲು ಬೀಳೋ ಕಾಂಡದ ತೊಗಟೆ ಸಂದಿಯಲ್ಲಿ ದುಂಬಿ ಮೊಟ್ಟೆ ಇಡುತ್ತೆ. ಮರಿ ಒಳಗೆ ಕೊರೆದುಕೊಂಡು ಹೋದ ಮೇಲೆ ಗಿಡ ಕಿತ್ತು ಸುಡೋದೇ ದಾರಿ. ಅರೇಬಿಕಾಕ್ಕೆ ಇದರ ಕಾಟ ಜಾಸ್ತಿ, ರೋಬಸ್ಟಾಗೆ ಅಷ್ಟಿಲ್ಲ.

ಈಗ ಅತ್ತಿ, ಹಲಸು, ನೇರಳೆ ಇದ್ದ ಕಡೆ ಆಸ್ಟ್ರೇಲಿಯಾದ ಸಿಲ್ವರ್ ಓಕ್. ನೆಟ್ಟಗೆ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರೋದೂ ಸುಲಭ. ಕಾಫಿ ಬೆಲೆ ಬಿದ್ದ ವರ್ಷ ನಮ್ಮನೆ ನಡೆದದ್ದು ಅದರಿಂದಲೇ, ಬೈಯೋಕೆ ನನಗೆ ಬಾಯಿಲ್ಲ. ಆದ್ರೆ ಅದರ ನೆರಳು ತೀರಾ ತೆಳು. ಅತ್ತಿ ಮರಗಳನ್ನ ಮಾತ್ರ ಅಪ್ಪ ಇನ್ನೂ ಮುಟ್ಟಿಲ್ಲ. ನಿಮ್ಮ ಕಡೆ ತೋಟಗಳಲ್ಲಿ ಯಾವ್ಯಾವ ಹಳೇ ಮರ ಉಳಿದಿವೆ?