ಮೊದಲ ಅಕ್ಷರದ ನಿಯಮ, ಒಂದು ಚುಕ್ಕೆಯ ಪಾಠ



ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ರೂಪಿಸಿದ ಫೋರ್ಟ್ರಾನ್ ಭಾಷೆ 1957ರಲ್ಲಿ ಐಬಿಎಂ 704 ಗಣಕಯಂತ್ರದ ಬಳಕೆದಾರರ ಕೈಸೇರಿತು. ಅದುವರೆಗೆ ಯಂತ್ರಸಂಕೇತಗಳೊಂದಿಗೆ ಹೆಣಗುತ್ತಿದ್ದ ವಿಜ್ಞಾನಿಗಳು ಬೀಜಗಣಿತದ ಸೂತ್ರಗಳಂತೆಯೇ ಲೆಕ್ಕ ಬರೆಯತೊಡಗಿದರು.

ಈ ಭಾಷೆಯಲ್ಲಿ ಒಂದು ಸುಲಭದ ನಿಯಮವಿತ್ತು. ಚರಾಕ್ಷರದ ಹೆಸರು ಐ, ಜೆ, ಕೆ, ಎಲ್, ಎಂ, ಎನ್ ಅಕ್ಷರಗಳಲ್ಲೊಂದರಿಂದ ಆರಂಭವಾದರೆ ಅದು ಪೂರ್ಣಾಂಕ. ಉಳಿದವೆಲ್ಲ ದಶಾಂಶವುಳ್ಳ ಸಂಖ್ಯೆ. ಗಣಿತದಲ್ಲಿ ಎಣಿಕೆಗೆ ಐ, ಜೆ, ಎನ್ ಬಳಸುವ ರೂಢಿಗೆ ಇದು ಹೊಂದುತ್ತಿತ್ತು. ಒಂದೊಂದು ಸಾಲಿಗೂ ಒಂದೊಂದು ಕಾರ್ಡು ರಂಧ್ರಿಸಬೇಕಿದ್ದ ಆ ಕಾಲದಲ್ಲಿ ಪ್ರತ್ಯೇಕ ಘೋಷಣೆಯ ಶ್ರಮವೂ ಉಳಿಯುತ್ತಿತ್ತು.

ಆದರೆ ಅಪಾಯವೂ ಅಲ್ಲೇ ಇತ್ತು. ನೀವು 70 ಮತ್ತು 75 ಅಂಕಗಳ ಸರಾಸರಿಗೆ ‘ಮೀನ್’ ಎಂದು ಹೆಸರಿಟ್ಟಿರೆನ್ನಿ. ಹೆಸರು ಎಂ ಅಕ್ಷರದಿಂದ ಆರಂಭವಾಗುವುದರಿಂದ ಉತ್ತರ 72.5 ಆಗುವ ಬದಲು 72 ಆಗುತ್ತದೆ! ‘ಟೋಟಲ್’ ಎಂಬ ಹೆಸರಿನಲ್ಲಿ ಒಂದಕ್ಷರ ಬಿಟ್ಟು ಬರೆದರೆ ಯಂತ್ರ ತಪ್ಪೆನ್ನುವುದಿಲ್ಲ. ಅದನ್ನು ಹೊಸ ಚರಾಕ್ಷರವೆಂದೇ ಬಗೆಯುತ್ತದೆ.

ಅಂದಿನ ಫೋರ್ಟ್ರಾನ್ ಪದಗಳ ನಡುವಿನ ಖಾಲಿ ಜಾಗವನ್ನೂ ಲೆಕ್ಕಿಸುತ್ತಿರಲಿಲ್ಲ. ‘ಡೂ 10 ಐ = 1,10’ ಎಂದರೆ ಕೆಲಸವನ್ನು ಹತ್ತು ಬಾರಿ ಮಾಡು ಎಂಬ ಆಜ್ಞೆ. ಅಲ್ಪವಿರಾಮದ ಜಾಗದಲ್ಲಿ ಚುಕ್ಕೆ ಬಿದ್ದರೆ? ‘ಡೂ10ಐ’ ಎಂಬ ಹೊಸ ಚರಾಕ್ಷರ ಹುಟ್ಟಿ, ಅದಕ್ಕೆ 1.10 ಬೆಲೆ ದೊರೆಯುತ್ತದೆ. ಕೆಲಸ ಒಂದೇ ಬಾರಿ ನಡೆಯುತ್ತದೆ. ಅಮೆರಿಕದ ಮರ್ಕ್ಯುರಿ ಗಗನಯಾನ ಯೋಜನೆಯ ಕಾಲದ ಕಕ್ಷೆ ಲೆಕ್ಕಾಚಾರದ ಪ್ರೋಗ್ರಾಮೊಂದರಲ್ಲಿ ಇಂಥದೇ ಚುಕ್ಕೆ ಸಿಕ್ಕಿತ್ತೆಂದು ನಾಸಾದಲ್ಲಿ ದುಡಿದವರು ನೆನೆದಿದ್ದಾರೆ. ಅನಾಹುತವಾಗುವ ಮೊದಲೇ ಅದನ್ನು ತಿದ್ದಲಾಯಿತು.

1962ರ ಜುಲೈ 22ರಂದು ನಾಶವಾದ ಮ್ಯಾರಿನರ್-1 ನೌಕೆಗೂ ಈ ಚುಕ್ಕೆಯೇ ಕಾರಣವೆಂದು ಹಲವು ಪುಸ್ತಕಗಳು ಹೇಳಿದವು. ಅದು ನಿಜವಲ್ಲ. ಅಲ್ಲಿ ಬಿಟ್ಟುಹೋದದ್ದು ಮಾರ್ಗದರ್ಶನ ಸೂತ್ರದಲ್ಲಿ ಅಕ್ಷರವೊಂದರ ಮೇಲಿರಬೇಕಾದ ಗೆರೆ. ಎರಡು ಘಟನೆಗಳು ಬೆರೆತು ಒಂದು ದಂತಕಥೆಯಾಯಿತು. ಇತಿಹಾಸದಲ್ಲೂ ಘೋಷಿಸದೆ ಊಹಿಸಿಕೊಂಡರೆ ತಪ್ಪು ನುಸುಳುತ್ತದೆ, ನೋಡಿ!

‘ಇಂಪ್ಲಿಸಿಟ್ ನನ್’ ಎಂಬ ಒಂದು ಸಾಲು ಬರೆದರೆ ಪ್ರತಿ ಹೆಸರನ್ನೂ ಘೋಷಿಸಲೇಬೇಕು. ಘೋಷಿಸದ ಹೆಸರು ಕಂಡೊಡನೆ ಯಂತ್ರ ದೋಷ ತೋರಿಸುತ್ತದೆ. ಈ ಸೌಲಭ್ಯ ಫೋರ್ಟ್ರಾನ್ 90ರ ಮೂಲಕ ಅಂತರರಾಷ್ಟ್ರೀಯ ಮಾನಕದಲ್ಲಿ ಸೇರಿತು. ಆದರೆ ಹಳೆಯ ಪ್ರೋಗ್ರಾಮುಗಳು ನಡೆಯಬೇಕಲ್ಲವೇ? ಹಾಗಾಗಿ ಮೊದಲ ಅಕ್ಷರದ ನಿಯಮ ಇಂದಿಗೂ ಉಳಿದಿದೆ. ಆ ಒಂದು ಸಾಲನ್ನು ಬರೆಯುವ ಹೊಣೆ ನಿಮ್ಮದೇ.