ಬರೆಯದೆ ಬಿಟ್ಟ ಒಂದು ಸಾಲು



ಮನೆ ಬಿಟ್ಟು ಕದಲದಿದ್ದರೂ ಸರಕಾರ ಬದಲಾಗುತ್ತದೆ ಎಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೊರಾಖ್ ವಾರ್‌ಹಾಫ್ಟಿಗ್ ಎಂಬ ಯೆಹೂದಿ ವಕೀಲರು 1906ರಲ್ಲಿ ಹುಟ್ಟಿದ ವೋಲ್ಕೊವಿಸ್ಕ್ ಅಂಥದೇ ಊರು. ಅವರು ಹುಟ್ಟಿದಾಗ ಅದು ರಷ್ಯಾದ ಚಕ್ರವರ್ತಿಗೆ ಸೇರಿತ್ತು. ಅವರು ವಕೀಲರಾಗುವ ಹೊತ್ತಿಗೆ ಪೋಲೆಂಡಿನದಾಗಿತ್ತು. ಇಂದು ಬೆಲರೂಸಿನಲ್ಲಿದೆ.

ವಾರ್ಸಾದಲ್ಲಿ ಕಾನೂನು ಓದಿ ಅಲ್ಲೇ ವಕೀಲಿ ನಡೆಸಿದರು. ಧರ್ಮನಿಷ್ಠರು, ಮಿಜ್ರಾಖಿ ಎಂಬ ಧಾರ್ಮಿಕ ಜಿಯೋನಿಸ್ಟ್ ಪಕ್ಷದ ಮುಂದಾಳು. 1939ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿದಾಗ ಸಾವಿರಾರು ಜನರಂತೆ ಅವರೂ ಲಿಥುವೇನಿಯಾಕ್ಕೆ ಓಡಿಹೋದರು. 1940ರ ಜೂನಿನಲ್ಲಿ ಸೋವಿಯತ್ ಸೈನ್ಯ ಅಲ್ಲಿಗೂ ಬಂತು. ಪಶ್ಚಿಮಕ್ಕೆ ಹಿಟ್ಲರ್, ಪೂರ್ವಕ್ಕೆ ಸ್ಟಾಲಿನ್. ಕೌನಾಸ್ ಪಟ್ಟಣದ ವಿದೇಶಿ ಕಾನ್ಸಲ್ ಕಚೇರಿಗಳಿಗೆ ಬಾಗಿಲು ಮುಚ್ಚಲು ಆಜ್ಞೆಯಾಯಿತು.

ಆ ಗಡಿಬಿಡಿಯಲ್ಲೇ ಒಂದು ಕಿಂಡಿ ತೆರೆಯಿತು. ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪಕ್ಕೆ ಹೋಗಲು ವೀಸಾ ಬೇಡವೆಂದು ಹಾಲೆಂಡಿನ ಕಾನ್ಸಲ್ ಯಾನ್ ಜ್ವಾರ್ಟೆಂಡೈಕ್ ಬರೆದುಕೊಟ್ಟರು. ಅಲ್ಲಿಳಿಯಲು ಗವರ್ನರರ ಅಪ್ಪಣೆ ಬೇಕೆಂಬ ಸಾಲನ್ನು ಮಾತ್ರ ಬೇಕೆಂದೇ ಬಿಟ್ಟರು. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವನು ನಾನು. ಒಂದು ಸಾಲು ಕಡಿಮೆಯಿದ್ದರೆ ಅರ್ಜಿಯನ್ನು ವಾಪಸು ಕೊಡುವುದು ನಮ್ಮ ರೂಢಿ. ಅಲ್ಲಿ ಒಂದು ಸಾಲು ಕಡಿಮೆಯಾದದ್ದರಿಂದಲೇ ಜೀವಗಳು ಉಳಿದವು.

ಹೋಗುವ ದಾರಿ ಜಪಾನಿನ ಮೇಲೆ. ಹಾಗಾಗಿ ವಾರ್‌ಹಾಫ್ಟಿಗರು ನಿರಾಶ್ರಿತರ ಪರವಾಗಿ ಜಪಾನಿನ ಉಪಕಾನ್ಸಲ್ ಚಿಯುನೆ ಸುಗಿಹಾರರನ್ನು ಕಂಡು ವಾದ ಮಂಡಿಸಿದರು. ಟೋಕಿಯೋದಿಂದ ಒಪ್ಪಿಗೆ ಬರಲಿಲ್ಲ. ಆದರೂ ಸುಗಿಹಾರ 2,000ಕ್ಕೂ ಹೆಚ್ಚು ವೀಸಾ ಬರೆದುಕೊಟ್ಟರು.

ವೀಸಾ ಕೈಗೆ ಬಂದರೂ ಕಷ್ಟ ಮುಗಿಯಲಿಲ್ಲ. ದೇಶ ಬಿಡಲು ಸೋವಿಯತ್ ಪರವಾನಗಿ ಬೇಕು. ಕೇಳಿದವರನ್ನೇ ಸೈಬೀರಿಯಾಕ್ಕೆ ಅಟ್ಟಿಯಾರೆಂಬ ಅಂಜಿಕೆ. ಯೆಶಿವಾ ಎಂಬ ಧರ್ಮಪಾಠಶಾಲೆಗಳ ಹಿರಿಯರಲ್ಲಿ ಹಲವರು ಹಿಂದೆಗೆದರು. ವಾರ್‌ಹಾಫ್ಟಿಗರು ಹೊರಡಿರೆಂದು ಅವರ ಬೆನ್ನು ಹತ್ತಿದರು. ಮಿರ್ ಪಾಠಶಾಲೆ ಬಹುತೇಕ ಇಡಿಯಾಗಿ ಹೊರಟು, ರೈಲಿನಲ್ಲಿ ಸೈಬೀರಿಯಾ ದಾಟಿ, ವ್ಲಾದಿವೊಸ್ತೋಕಿನಿಂದ ಹಡಗು ಹತ್ತಿ ಜಪಾನು ಸೇರಿತು. 1941ರ ಜೂನ್ 22ರಂದು ಜರ್ಮನಿಯ ಸೈನ್ಯ ಲಿಥುವೇನಿಯಾಕ್ಕೆ ನುಗ್ಗಿತು. ಯುದ್ಧ ಮುಗಿಯುವಷ್ಟರಲ್ಲಿ ಅಲ್ಲಿದ್ದ ಯೆಹೂದಿಗಳಲ್ಲಿ 10ಕ್ಕೆ 9 ಮಂದಿಯಾದರೂ ಹತರಾಗಿದ್ದರು. ಹೊರಟವರಿಗೂ ಉಳಿದವರಿಗೂ ನಡುವೆ ಇದ್ದ ಅಂತರ ಕೆಲವೇ ತಿಂಗಳು.

ವಾರ್‌ಹಾಫ್ಟಿಗರು ತಾವು ಪಾರಾದೆನೆಂದು ಸುಮ್ಮನಾಗಲಿಲ್ಲ. ಜಪಾನಿನಲ್ಲೂ ನಿರಾಶ್ರಿತರ ಕೆಲಸ ಮಾಡಿ, 1941ರಲ್ಲಿ ಅಮೆರಿಕಕ್ಕೆ, 1947ರಲ್ಲಿ ಪ್ಯಾಲೆಸ್ಟೈನಿಗೆ ಹೋದರು. 1948ರ ಇಸ್ರೇಲ್ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದ 37 ಮಂದಿಯಲ್ಲಿ ಒಬ್ಬರು. 1949ರಿಂದ 1981ರವರೆಗೆ ಸಂಸತ್ ಸದಸ್ಯರು. 1961ರಿಂದ 1974ರವರೆಗೆ ಧಾರ್ಮಿಕ ವ್ಯವಹಾರಗಳ ಮಂತ್ರಿ. 1969ರಲ್ಲಿ ಸುಗಿಹಾರ ಇಸ್ರೇಲಿಗೆ ಬಂದಾಗ ಅವರನ್ನು ಬರಮಾಡಿಕೊಂಡವರು ಮಂತ್ರಿಯಾಗಿದ್ದ ಇದೇ ವಕೀಲರು. ಅಂದು ಅರ್ಜಿ ಹಿಡಿದು ನಿಂತವರು ಈಗ ಆತಿಥ್ಯ ಮಾಡಿದರು.

ವಾರ್‌ಹಾಫ್ಟಿಗರು 2002ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾನೂನು ಬಲ್ಲವರು ಜನರ ಮುಂದೆ ಬಾಗಿಲು ಮುಚ್ಚುವುದನ್ನು ನಾವೆಲ್ಲ ಕಂಡಿದ್ದೇವೆ. ಇವರು ಅದೇ ವಿದ್ಯೆಯಿಂದ ಬಾಗಿಲು ತೆರೆಸಿದರು. ತೆರೆದ ಮೇಲೆ ಹೊರಡಲು ಅಳುಕಿದವರನ್ನು ಎಬ್ಬಿಸಿ ಕಳಿಸಿದರು.