ಜೋಜಿಲಾ ಹಿಮದಲ್ಲಿ ಒಂದು ಸ್ಟುವರ್ಟ್ ಟ್ಯಾಂಕ್

ಟ್ಯಾಂಕಿನ ಮಾದರಿ ಕಟ್ಟುವ ಹವ್ಯಾಸಿಗಳಿಗೆ ಹಿಮದ ಡಯೊರಾಮಾ ಅಂದರೆ ರಷ್ಯಾವೇ. ಸುಣ್ಣ ಬಳಿದ ಜರ್ಮನ್ ಟ್ಯಾಂಕು, ಪಕ್ಕದಲ್ಲೊಂದು ಮುರಿದ ಗೋಡೆ, ಮುಗಿಯಿತು. ನಾನು ಕಟ್ಟುತ್ತಿರುವುದು ನಮ್ಮದೇ ಹಿಮ. ಜೋಜಿಲಾ ಕಣಿವೆಮಾರ್ಗ, 1948ರ ನವೆಂಬರ್ 1ರ ಮಧ್ಯಾಹ್ನ.

ಕಾಶ್ಮೀರಕ್ಕಾಗಿ ಭಾರತ–ಪಾಕಿಸ್ತಾನದ ಮೊದಲ ಯುದ್ಧ ನಡೆದಿತ್ತು. ಆ ವರ್ಷ ಬೇಸಿಗೆಯಲ್ಲಿ ಪಾಕಿಸ್ತಾನದ ಕಡೆಯವರಿಗೆ ಕಾರ್ಗಿಲ್ ಹೋಗಿತ್ತು, ದ್ರಾಸ್ ಹೋಗಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಮುಚ್ಚಿಹೋಗಿ, ಲಡಾಖ್ ಕೈತಪ್ಪುವ ಹಂತಕ್ಕೆ ಬಂದಿತ್ತು. ಆ ದಾರಿಯಲ್ಲೇ ಇರುವ, ಸುಮಾರು 11,500 ಅಡಿ ಎತ್ತರದ ಜೋಜಿಲಾದ ಎರಡೂ ಬದಿಯ ಬಂಡೆಗಳಲ್ಲಿ ಎದುರಾಳಿಗಳು ಬಂಕರ್ ಕೊರೆದು ಕೂತಿದ್ದರು. ಸೆಪ್ಟೆಂಬರಿನಲ್ಲಿ ನಮ್ಮ ಕಾಲಾಳುಗಳು ಅಲ್ಲಿ ನುಗ್ಗಲು ನೋಡಿ, ಪ್ರಾಣ ತೆತ್ತು ಹಿಂದಿರುಗಿದ್ದರು. ಆಗ ಅಲ್ಲಿನ ಡಿವಿಷನ್ನಿನ ಹೊಣೆ ಹೊತ್ತಿದ್ದವರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅವರು ಟ್ಯಾಂಕ್ ತರಿಸಲು ನಿರ್ಧರಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಕಾದಾಡಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಬಂದದ್ದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು. ಬರ್ಮಾ ಯುದ್ಧದಲ್ಲಿ ಸ್ಟುವರ್ಟ್ ಓಡಿಸಿ ಪಳಗಿದ್ದ ರೆಜಿಮೆಂಟ್ ಅದು. ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ 'ಸ್ಪ್ಯಾರೋ'. ಒಂದೊಂದು ಟ್ಯಾಂಕಿಗೂ ಎರಡು ಕ್ಯಾಡಿಲಾಕ್ ಎಂಜಿನ್, 37 ಮಿ.ಮೀ. ಫಿರಂಗಿ, ನಾಲ್ಕು ಜನ ಸಿಬ್ಬಂದಿ, ಸುಮಾರು 15 ಟನ್ ತೂಕ. ಯುರೋಪಿನ ರಣರಂಗದಲ್ಲಿ ಆ ಫಿರಂಗಿಯ ಕಾಲ ಆಗಲೇ ಮುಗಿದಿತ್ತು. ಆದರೆ ಟ್ಯಾಂಕ್ ಬರುತ್ತದೆಂದು ಕನಸಲ್ಲೂ ಎಣಿಸದವರ ಬಂಕರ್‌ಗಳಿಗೆ ಅದು ಧಾರಾಳವಾಯಿತು.

ಜಮ್ಮುವಿನಿಂದ ಜೋಜಿಲಾದ ಬುಡದಲ್ಲಿರುವ ಬಾಲ್ಟಾಲ್‌ವರೆಗೆ ಅವನ್ನು ತಂದ ರೀತಿಯೇ ಒಂದು ಕಥೆ. ಫಿರಂಗಿ ಹೊತ್ತು ತಿರುಗುವ ಟರೆಟ್‌ಗಳನ್ನು ಬಿಚ್ಚಿ ಬೇರೆ ಮಾಡಿದರು. ತೂಕ ಇಳಿಯಿತು, ದುರ್ಬಲ ಸೇತುವೆಗಳು ತಡೆದುಕೊಂಡವು. ಟಾರ್ಪಾಲು ಹೊದಿಸಿದ ಮೇಲೆ ಅದು ಟ್ಯಾಂಕೆಂದು ಗುರುತು ಹಿಡಿಯುವುದೂ ಕಷ್ಟವಾಯಿತು. ಸಾಗಿಸಿದ್ದು ರಾತ್ರಿ ಹೊತ್ತು.

ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಬಂಡೆ ಒಡೆದು, ಅಂಚು ಕಟ್ಟಿ, ಟ್ಯಾಂಕ್ ಹತ್ತುವ ರಸ್ತೆ ಮಾಡಿದವರು ಮೇಜರ್ ತಂಗರಾಜು ಅವರ, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್‌ಗಳು. 1780ರಲ್ಲಿ ಹುಟ್ಟಿದ ಆ ಪಡೆಗೆ 1834ರಿಂದ ಬೆಂಗಳೂರೇ ನೆಲೆ. ಹಲಸೂರು ಕೆರೆಯ ಬದಿಯಲ್ಲಿ ಓಡಾಡುವ ನಮಗೆ ಅವರ ಕಾಂಪೌಂಡು ಚಿರಪರಿಚಿತ. ಹಿಮ ಕಾಣದ ದಕ್ಷಿಣದ ಊರುಗಳಿಂದ ಹೋದ ಈ 'ತಂಬಿ'ಗಳು ಮೈ ಕೊರೆಯುವ ಚಳಿಯಲ್ಲಿ, ಎದುರಾಳಿಯ ಗುಂಡಿನ ಕೆಳಗೆ ಗುದ್ದಲಿ ಹಿಡಿದರು. ಜೋಜಿಲಾ ಗೆದ್ದವರಾರು ಎಂದು ಕೇಳಿದರೆ ನಾನು ಮೊದಲು ಇವರ ಹೆಸರು ಹೇಳುತ್ತೇನೆ, ಆಮೇಲೆ ಟ್ಯಾಂಕಿನವರದು.

ದಾಳಿ ಮೊದಲು ನಿಗದಿಯಾಗಿದ್ದದ್ದು ಅಕ್ಟೋಬರ್ 20ಕ್ಕೆ. ಹವಾಮಾನ ಕೆಟ್ಟು ಮುಂದಕ್ಕೆ ಹೋಯಿತು. ನವೆಂಬರ್ 1ರ ಮಧ್ಯಾಹ್ನ ಹಿಮದ ನಡುವೆ ಟ್ಯಾಂಕ್‌ಗಳು ಸಾಲಾಗಿ ಹತ್ತಿದವು. ಮುಂಚೂಣಿಯಲ್ಲಿ ಸ್ವತಃ ತಿಮ್ಮಯ್ಯನವರಿದ್ದರು. ಬಂಕರುಗಳು ಒಂದೊಂದಾಗಿ ಬಿದ್ದವು, ಕಣಿವೆಮಾರ್ಗದ ಆಚೆಯ ಗುಮ್ರಿ ಬಯಲು ತೆರೆಯಿತು. ಮುಂದೆ ಮಟಾಯನ್, ದ್ರಾಸ್. ನವೆಂಬರ್ ಕೊನೆಯ ಹೊತ್ತಿಗೆ ಕಾರ್ಗಿಲ್ಲೂ ಕೈಗೆ ಬಂತು, ಜೋಜಿಲಾ ದಾಟಿ ಬಂದ ಪಡೆ ಲೇಹ್ ಕಡೆಯಿಂದ ಬಂದ ನಮ್ಮ ಪಡೆಯ ಜತೆ ಕೂಡಿಕೊಂಡಿತು.

ಈಗ ನನ್ನ ಮೇಜಿಗೆ ಬರೋಣ. ಮಾದರಿ 1:35 ಅಳತೆಯದು. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ತನ್ನ ಪ್ಯಾಂಥರ್ ಟ್ಯಾಂಕಿನೊಳಗೆ ಮೋಟಾರು, ಬ್ಯಾಟರಿ ಕೂರಬೇಕೆಂದು ಆರಿಸಿದ ಗಾತ್ರ ಅದು. ಇಂದು ಲೋಕವೆಲ್ಲ ಅದನ್ನೇ ಪಾಲಿಸುತ್ತದೆ. ಆ ಲೆಕ್ಕದಲ್ಲಿ ಸ್ಟುವರ್ಟ್ ಉದ್ದ 14 ಸೆಂ.ಮೀ. ಒಳಗೇ, ಸೈನಿಕನ ಎತ್ತರ ಐದು ಸೆಂ.ಮೀ. ಹಿಮಕ್ಕೆ ಅನೇಕರು ಅಡುಗೆ ಸೋಡಾ ಬಳಸುತ್ತಾರೆ. ಬೆಂಗಳೂರಿನ ಮಳೆಗಾಲ ಕಳೆಯುವುದರೊಳಗೆ ಅದು ಹಳದಿಗೆ ತಿರುಗುತ್ತದೆ. ನಾನು ಬಿಳಿ ರಂಗೋಲಿ ಪುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ಫೆವಿಕಾಲ್ ಮತ್ತು ಬಿಳಿ ಅಕ್ರಿಲಿಕ್ ಬಣ್ಣಕ್ಕೆ ಕಲಸಿ ಚಾಕುವಿನ ತುದಿಯಿಂದ ಹಚ್ಚುತ್ತೇನೆ. ಟ್ಯಾಂಕಿನ ಹಿಂಭಾಗದಲ್ಲಿ ಮಾತ್ರ ಹಿಮ ನಿಲ್ಲಿಸುವುದಿಲ್ಲ. ಕೆಳಗೆ ಎರಡು ಎಂಜಿನ್ ಉರಿಯುತ್ತಿರುವಾಗ ಆ ತಗಡಿನ ಮೇಲೆ ಇರಬೇಕಾದದ್ದು ಕರಗಿದ ನೀರಿನ ಹೊಳಪು. ಚೈನು ಹಾದುಹೋದ ಕಡೆ ಹಿಮ ಬಿಳಿಯಾಗಿರಲೂ ಸಾಧ್ಯವಿಲ್ಲ, ಕೆಸರು ಕಲಸಿದ ಕಂದು ಬಣ್ಣವೇ ಸರಿ.

ಫಲಕದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ರಸ್ತೆಗೆ ಕೊಟ್ಟಿದ್ದೇನೆ. ಒಡೆದ ಕಲ್ಲು, ಪೇರಿಸಿಟ್ಟ ಹಲಗೆ, ಗುದ್ದಲಿ ಹಿಡಿದು ಪಕ್ಕಕ್ಕೆ ಸರಿದು ಟ್ಯಾಂಕಿಗೆ ದಾರಿ ಬಿಟ್ಟ ಇಬ್ಬರು ಸ್ಯಾಪರ್‌ಗಳು.

ಮಡಿಕೇರಿಗೆ ಹೋದಾಗ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ನೋಡಿ ಬನ್ನಿ. 2021ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಮಾದರಿ ಕಟ್ಟುವ ಗೆಳೆಯರಲ್ಲಿ ಇನ್ನೊಂದು ಕೋರಿಕೆ: ಜೋಜಿಲಾ ಮಾಡುವುದಾದರೆ ಟ್ಯಾಂಕಿಗಿಂತ ಮೊದಲು ರಸ್ತೆ ಕಟ್ಟಿ.